ಹಳೇ ಸುಜುಕಿ ಜಿಎಸ್ 1000: ಗಾಳಿ ತುಂಬುವ ಮುಂದಿನ ಶಾಕಪ್ ಬಿಚ್ಚಿ ಸರ್ವಿಸ್ ಮಾಡೋದು ಹೇಗೆ?

ಕೊಥ್ರೂಡ್ ಸವಾರ:

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಇರೋದು ಪುಣೆ. ನನ್ನ ಹತ್ತಿರ 1979ರ ಸುಜುಕಿ ಜಿಎಸ್ 1000 ಇದೆ. ಮುಂದಿನ ಶಾಕಪ್ ಎರಡರ ತಲೆಯಲ್ಲೂ ಟಯರಿಗೆ ಇರುವಂಥ ಗಾಳಿ ವಾಲ್ವ್ ಇದೆ. ಎಡಗಡೆ ಕಾಲಿನಿಂದ, ಅಂದರೆ ಎಡಗಡೆ ಶಾಕಪ್ಪಿನಿಂದ, ಆಯಿಲ್ ಸೋರುತ್ತಾ ಇದೆ. ಒಂದು ಗ್ಯಾರೇಜಿನಲ್ಲಿ ಸೀಲ್ (ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಬಳೆ) ಬದಲಾಯಿಸಿ ಕೊಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು, ಖಂಡಾಲ ಘಾಟ್ ಹತ್ತಿ ಇಳಿದ ಮೇಲೆ ಮತ್ತೆ ಅದೇ ಕತೆ. ಮತ್ತೆ ಹೊಸ ಸೀಲ್, ಮತ್ತೆ ಸೋರಿಕೆ. ಈಗ ಡಿಸ್ಕ್ ಮೇಲೂ ಆಯಿಲ್ ಬೀಳುತ್ತಿದೆ, ಬ್ರೇಕ್ ಹಿಡಿಯಲು ಭಯ ಆಗುತ್ತದೆ. ಈ ಸಲ ನಾನೇ ಬಿಚ್ಚಬೇಕು ಅಂತ ನಿರ್ಧಾರ ಮಾಡಿದ್ದೇನೆ. ಮಾಮೂಲಿ ಬುಲೆಟ್, ಯೆಜ್ಡಿ ಶಾಕಪ್ ಬಿಚ್ಚಿದ ಅನುಭವ ಇದೆ. ಆದರೆ ಗಾಳಿ ಇರುವುದನ್ನು ಮುಟ್ಟಿಲ್ಲ. ಯಾರಾದರೂ ಮೊದಲಿನಿಂದ ಹೇಳಿಕೊಡ್ತೀರಾ?

ಹಳೇ ಗಾಡಿ ಡೊಂಬಿವಲಿ:

ಮೊದಲು ಗಾಡಿ ಓಡಿಸೋದು ನಿಲ್ಲಿಸಿ. ಡಿಸ್ಕ್ ಮೇಲೆ ಆಯಿಲ್ ಬಿದ್ದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ಒರೆಸಿದರೂ ಪ್ರಯೋಜನ ಇಲ್ಲ. ಆ ಪ್ಯಾಡ್ ಬದಲಾಯಿಸಲೇಬೇಕು.

ಈಗ ಒಂದು ಪ್ರಶ್ನೆ. ಗಾಳಿ ಎಲ್ಲಿ ತುಂಬಿಸ್ತೀರಿ?

ಕೊಥ್ರೂಡ್ ಸವಾರ:

ಪೆಟ್ರೋಲ್ ಬಂಕಿನಲ್ಲೇ ಅಣ್ಣಾ. ಟಯರಿಗೆ ಹಾಕಿಸುವಾಗ ಇದಕ್ಕೂ ಹಾಕಿಸ್ತೇನೆ. ಹುಡುಗ ಗನ್ ಒತ್ತಿ ತೆಗೀತಾನೆ ಅಷ್ಟೇ.

ಹಳೇ ಗಾಡಿ ಡೊಂಬಿವಲಿ:

ಹಾಗಾದರೆ ಕಾರಣದ ಅರ್ಧ ಭಾಗ ಸಿಕ್ಕಿತು. ಸಮಾಧಾನವಾಗಿ ಓದಿ, ಉದ್ದ ಇದೆ.

ಟಯರಿನಲ್ಲಿ ಲೀಟರ್‌ಗಟ್ಟಲೆ ಗಾಳಿ ಇರುತ್ತದೆ. ಶಾಕಪ್ಪಿನ ಒಂದು ಕಾಲಿನಲ್ಲಿ ಆಯಿಲ್ ಮೇಲೆ ಉಳಿಯುವ ಜಾಗ ಒಂದು ಲೋಟದಷ್ಟು. ಬಂಕಿನ ಕಂಪ್ರೆಸರ್ ಗನ್ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಒತ್ತಡ ಕೂರಿಸುತ್ತದೆ. ಈ ಶಾಕಪ್‌ಗಳಿಗೆ ಸಾಮಾನ್ಯವಾಗಿ ಬೇಕಾಗೋದು ಚದರ ಸೆಂಟಿಮೀಟರಿಗೆ ಒಂದು ಕೆಜಿ ಆಸುಪಾಸು, ಅಂದರೆ 14 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕ). ಕೆಲವು ಗಾಡಿಗೆ ಅದರ ಅರ್ಧವೇ ಸಾಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಟಯರಿನ ಹಾಗೆ 30 ಪಿಎಸ್‌ಐ ಹಾಕಿದರೆ ಸೀಲಿನ ತುಟಿ (ಒಳಅಂಚು) ಅದರೊಳಗೆ ಮೇಲೆ ಕೆಳಗೆ ಜಾರುವ ಶಾಕಪ್ ಪೈಪಿಗೆ ಗಟ್ಟಿಯಾಗಿ ಅಂಟಿಕೊಂಡು ಉಜ್ಜುತ್ತದೆ, ಬೇಗ ಸವೆಯುತ್ತದೆ. ಶಾಕಪ್ ಕಲ್ಲಿನ ಹಾಗೆ ಗಟ್ಟಿ ಆಗುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಬಿಚ್ಚುವಾಗ ಕೈ ತಪ್ಪುವುದಿಲ್ಲ. ಒಳಗೆ ಮಾಮೂಲಿ ಸ್ಪ್ರಿಂಗ್ ಇದ್ದೇ ಇದೆ, ಮಾಮೂಲಿ ಆಯಿಲ್, ಮಾಮೂಲಿ ಡ್ಯಾಂಪರ್ ರಾಡ್ (ಆಯಿಲ್ ಹರಿವನ್ನು ತಡೆದು ಕುಣಿತ ತಗ್ಗಿಸುವ ಕಂಬಿ). ಗಾಳಿ ಸ್ಪ್ರಿಂಗಿಗೆ ಜೊತೆಗಾರ ಮಾತ್ರ. ನಿಮ್ಮ ಪೈಪಿನ ಹೊರಗಿನ ವ್ಯಾಸ 37 ಮಿಮೀ, ಅಲ್ವಾ? ಅದರ ಅಡ್ಡಕೊಯ್ತ ಹತ್ತಿರಹತ್ತಿರ 10.75 ಚದರ ಸೆಂಟಿಮೀಟರ್. ಒಂದು ಕೆಜಿ ಒತ್ತಡ ಹಾಕಿದರೆ ಒಂದು ಕಾಲಿಗೆ ಹತ್ತೂ ಮುಕ್ಕಾಲು ಕೆಜಿ ತಾಳುವ ಬಲ ಹೆಚ್ಚಾಯಿತು, ಎರಡೂ ಸೇರಿ ಇಪ್ಪತ್ತೊಂದು ಚಿಲ್ಲರೆ. ಇದು ಶಾಕಪ್ ಪೂರ್ತಿ ಬಿಟ್ಟಿರುವಾಗ. ಬ್ರೇಕ್ ಹಿಡಿದು ಮುಂದೆ ಕುಗ್ಗಿತು ಅಂದುಕೊಳ್ಳಿ, ಒಳಗಿನ ಜಾಗ ಅರ್ಧ ಆಯಿತು. ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಬೇಕು: ಒಂದು ಪ್ಲಸ್ ಒಂದು ಎರಡು, ಜಾಗ ಅರ್ಧ ಆದಾಗ ಅದು ನಾಲ್ಕು, ವಾತಾವರಣದ್ದು ಕಳೆದರೆ ಮೂರು. ಮೀಟರಿನಲ್ಲಿ ಒಂದು ಇದ್ದದ್ದು ಮೂರಾಯಿತು. ಅದಕ್ಕೇ ಗಾಳಿ ಇರುವ ಶಾಕಪ್ ಮೊದಲು ಮೆತ್ತಗೆ ಕುಗ್ಗಿ ಕೊನೆಗೆ ಬಿಗಿಯಾಗುತ್ತದೆ. ಎಪ್ಪತ್ತರ ದಶಕದ ಕೊನೆಗೆ ಲೀಟರ್ ಗಾಡಿಗಳ (1000 ಸಿಸಿ ಆಸುಪಾಸಿನವು) ತೂಕ ಹೆಚ್ಚಾದಾಗ ಇದನ್ನು ತಂದಿದ್ದು ಇದೇ ಗುಣಕ್ಕೆ. 1978ರಲ್ಲಿ ಬಂದ ಜಿಎಸ್ 1000ನಲ್ಲಿ ಒಂದೊಂದು ಕಾಲಿಗೆ ಒಂದೊಂದು ವಾಲ್ವ್. 1980ರ ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1100ನಲ್ಲಿ ಎರಡು ಕಾಲಿಗೂ ಒಂದು ಪೈಪ್ ಜೋಡಿಸಿ ಒಂದೇ ವಾಲ್ವ್ ಕೊಟ್ಟರು.

ಬಿಚ್ಚೋ ಕೆಲಸ ರಾತ್ರಿ ಬರೀತೇನೆ. ಆಫೀಸಿನ ಬಸ್ ಬಂತು.

ವಾಸ್ಕೋ ಸವಾರ:

ಗೋವಾದಿಂದ. ನನ್ನ ಹತ್ತಿರವೂ ಇಂಥದ್ದೇ ಹಳೇ ಹೋಂಡಾ ಇದೆ. ಇಲ್ಲಿ ಉಪ್ಪುಗಾಳಿಗೆ ಪೈಪಿನ ಕ್ರೋಮ್ ನಿಲ್ಲೋದೇ ಕಷ್ಟ. ಹೆಡ್‌ಲೈಟ್ ಕಿವಿ ಇರುತ್ತದಲ್ಲ, ಪೈಪ್ ಮುಚ್ಚಿಕೊಂಡಿರುವ ಆ ತಗಡು, ಅದರ ಒಳಗೆ ಮಳೆನೀರು ನಿಂತು ಹೊರಗೆ ಕಾಣದ ಹಾಗೆ ತುಕ್ಕು ಹಿಡಿಯುತ್ತದೆ. ಕೊಥ್ರೂಡ್ ಅವರೇ, ಸೀಲ್ ಮತ್ತೆ ಮತ್ತೆ ಹೋಗುತ್ತಿದ್ದರೆ ಸೀಲಿಗೆ ಬೈಯಬೇಡಿ, ಪೈಪ್ ನೋಡಿ. ನನಗೆ ಅನ್ನಿಸೋದು ಅಷ್ಟೇ.

ಭೋಸರಿ ಲೇತ್:

ವಾಸ್ಕೋದವರು ಸರಿಯಾದ ಮಾತು ಹೇಳಿದರು. ನಾನು ಪುಣೆ ಹತ್ತಿರದ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಟರ್ನರ್, ವಿಜಯಪುರದ ಕಡೆಯವನು. ಹೈಡ್ರಾಲಿಕ್ ರಾಡ್ ದಿನಾ ನೋಡುತ್ತೇನೆ, ಶಾಕಪ್ ಪೈಪಿನ ಗುಣವೂ ಅದೇ. ಉಗುರನ್ನು ಪೈಪಿನ ಮೇಲೆ ಉದ್ದಕ್ಕೆ ನಿಧಾನವಾಗಿ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ಅಲ್ಲಿ ಗುಂಡಿ ಇದೆ. ಕಣ್ಣಿಗೆ ಕಾಣದಿದ್ದರೆ ಹತ್ತಿ ಉಜ್ಜಿ ನೋಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಆ ಗುಂಡಿಯ ಅಂಚು ಬ್ಲೇಡ್ ಇದ್ದ ಹಾಗೆ, ಪ್ರತಿ ಸಲ ಮೇಲೆ ಕೆಳಗೆ ಆಗುವಾಗ ಸೀಲಿನ ತುಟಿಯನ್ನು ಕೊಯ್ಯುತ್ತದೆ. ನೀವು ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ.

ಆದರೆ ಎಲ್ಲಾ ಗುಂಡಿಗೂ ಹೆದರಬೇಕಾಗಿಲ್ಲ. ಪೈಪಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಕಟ್ಟಿ, ಸೀಲಿಗೆ ತಾಗುವ ಹಾಗೆ ಕೆಳಗೆ ಇಳಿಸಿ, ಒಂದು ರೌಂಡ್ ಹೋಗಿ ಬನ್ನಿ. ಟೈ ಎಲ್ಲಿವರೆಗೆ ಏರಿದೆಯೋ ಸೀಲ್ ಓಡಾಡುವ ಜಾಗ ಅಷ್ಟು. ಅದಕ್ಕಿಂತ ತುಂಬಾ ಮೇಲಿರುವ ತುಕ್ಕು ನೋಡಲು ಚೆನ್ನಾಗಿಲ್ಲ, ಅಷ್ಟೇ. ಕೊಥ್ರೂಡ್ ಅವರು ಈಗ ಓಡಿಸೋದು ಬೇಡ, ಬ್ರೇಕ್ ಮೊದಲು ಸರಿ ಆಗಲಿ.

ಹಳೇ ಗಾಡಿ ಡೊಂಬಿವಲಿ:

ಸರಿ, ಬಿಚ್ಚೋಣ.

ಎಲ್ಲಕ್ಕಿಂತ ಮೊದಲು ಗಾಳಿ ಬಿಡಿ. ಪಾನಾ ಕೈಗೆ ತೆಗೆದುಕೊಳ್ಳುವ ಮುಂಚೆಯೇ. ವಾಲ್ವ್ ಮೇಲೆ ಹಳೇ ಬಟ್ಟೆ ಹಿಡಿದು ಪಿನ್ ನಿಧಾನವಾಗಿ ಒತ್ತಿ, ಯಾಕಂದರೆ ಗಾಳಿ ಜೊತೆ ಆಯಿಲ್ ಹನಿಯೂ ಹಾರುತ್ತದೆ. ಎರಡೂ ಕಡೆ ಪೂರ್ತಿ ಬಿಡಿ, ಆಮೇಲೆ ಇನ್ನೊಂದು ಸಲ ಒತ್ತಿ ನೋಡಿ. ಗಾಳಿ ಇರುವಾಗ ತಲೆಯ ಕ್ಯಾಪ್ ಬಿಚ್ಚಿದರೆ ಒಳಗಿನ ಸ್ಪ್ರಿಂಗ್ ಬಲವೂ ಸೇರಿ ಕ್ಯಾಪ್ ಮುಖಕ್ಕೆ ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕ್ಯಾಪ್ ಮೇಲೆ ಬಗ್ಗಿ ನಿಲ್ಲಬೇಡಿ.

ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಂಜಿನ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಡಿ, ಆದರೆ ಎಕ್ಸಾಸ್ಟ್ ಪೈಪಿಗೆ ಭಾರ ಬೀಳಬಾರದು. ಮುಂದಿನ ಚಕ್ರ ನೆಲ ಬಿಡಬೇಕು, ಗಾಡಿ ಅಲ್ಲಾಡಬಾರದು. ಇಷ್ಟು ತೂಕದ ಗಾಡಿ ಪಕ್ಕಕ್ಕೆ ವಾಲಿದರೆ ಒಬ್ಬರೇ ಹಿಡಿಯಲು ಆಗಲ್ಲ, ಜೊತೆಗೆ ಒಬ್ಬರು ಇರಲಿ.

ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಇರುವ ಭಾಗ) ಎರಡನ್ನೂ ಬಿಚ್ಚಿ ತಂತಿಯಲ್ಲಿ ಫ್ರೇಮಿಗೆ ಕಟ್ಟಿ ಹಾಕಿ. ಬ್ರೇಕ್ ಹೋಸಿನಲ್ಲೇ ನೇತಾಡಿಸಬೇಡಿ. ಪ್ಯಾಡ್ ಮಧ್ಯೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ಯಾರಾದರೂ ಸುಮ್ನೆ ಲಿವರ್ ಒತ್ತಿದರೂ ಪಿಸ್ಟನ್ ಹೊರಗೆ ಬರುತ್ತದೆ, ಇನ್ನೊಂದು ಕೆಲಸ ಹೆಚ್ಚುತ್ತದೆ. ಸ್ಪೀಡೋಮೀಟರ್ ಕೇಬಲ್, ಆಕ್ಸಲ್, ಚಕ್ರ, ಮಡ್‌ಗಾರ್ಡ್, ಇಷ್ಟೂ ತೆಗೆಯಿರಿ.

ಇನ್ನು ಮುಖ್ಯವಾದದ್ದು. ಕಾಲಿನ ತಳದಲ್ಲಿ ಅಲೆನ್ ಬೋಲ್ಟ್ ಇರುತ್ತದೆ. ಅದು ಒಳಗಿನ ಡ್ಯಾಂಪರ್ ರಾಡನ್ನು ಹಿಡಿದಿರುವ ಬೋಲ್ಟ್. ಶಾಕಪ್ ಇನ್ನೂ ಗಾಡಿಯಲ್ಲೇ ಇರುವಾಗ, ಮೇಲಿನ ಕ್ಯಾಪ್ ಮುಟ್ಟದೆ, ಈ ಬೋಲ್ಟ್ ಸಡಿಲ ಮಾಡಿಕೊಳ್ಳಿ. ಸ್ಪ್ರಿಂಗ್ ಮೇಲಿನಿಂದ ಒತ್ತಿ ಹಿಡಿದಿರುವುದರಿಂದ ರಾಡ್ ತಿರುಗುವುದಿಲ್ಲ. ಬೋಲ್ಟ್ ಸಡಿಲ ಆದರೆ ಸಾಕು, ಪೂರ್ತಿ ತೆಗೆಯಬೇಡಿ, ಆಯಿಲ್ ಸುರಿಯುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಈ ಕೆಲಸಕ್ಕೆ ಹೋದರೆ ಬೋಲ್ಟ್ ಜೊತೆ ರಾಡೂ ಸುತ್ತುತ್ತಾ ಇರುತ್ತದೆ. ಆಗ ಇಂಪ್ಯಾಕ್ಟ್ ಗನ್ ಬೇಕು, ಅಥವಾ ಉದ್ದನೆ ಮರದ ಕೋಲಿನ ತುದಿ ಚೂಪು ಮಾಡಿ ಮೇಲಿನಿಂದ ರಾಡಿನ ತಲೆಗೆ ಒತ್ತಿ ಹಿಡಿಯಬೇಕು.

ಹ್ಯಾಂಡಲ್ ಹತ್ತಿರ ಎರಡೂ ಪೈಪ್ ಹಿಡಿದಿರುವ ಮೇಲಿನ ಪ್ಲೇಟಿನ ಕ್ಲಾಂಪ್ ಬೋಲ್ಟ್ ಸಡಿಲ ಮಾಡಿ. ಇದನ್ನು ಬಿಟ್ಟು ನೇರವಾಗಿ ಕ್ಯಾಪ್ ತಿರುಗಿಸಿದರೆ ಕ್ಲಾಂಪ್ ಪೈಪನ್ನು ಅಮುಕಿ ಹಿಡಿದಿರುತ್ತದೆ, ಕ್ಯಾಪಿನ ಮರೆ (ಥ್ರೆಡ್) ಕೆಡುತ್ತದೆ. ಕೆಳಗಿನ ಕ್ಲಾಂಪ್ ಬಿಗಿಯಾಗಿರುವಾಗಲೇ ಕ್ಯಾಪ್ ಒಂದು ಸುತ್ತಿನಷ್ಟು ಸಡಿಲ ಮಾಡಿಕೊಳ್ಳಿ. ಪೈಪಿನ ತುದಿ ಮೇಲಿನ ಪ್ಲೇಟಿನಿಂದ ಎಷ್ಟು ಎದ್ದಿದೆ ಅಂತ ಸ್ಕೇಲಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ, ಕೂರಿಸುವಾಗ ಬೇಕು. ಆಮೇಲೆ ಕೆಳಗಿನ ಕ್ಲಾಂಪ್ ಬೋಲ್ಟ್ ಬಿಟ್ಟು, ಕಾಲನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಕೆಳಗೆ ಎಳೆಯಿರಿ. ಬರದಿದ್ದರೆ ಸುತ್ತಿಗೆ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಇಡೀ ಬಿಡಿ.

ಕೊಥ್ರೂಡ್ ಸವಾರ:

ಇಷ್ಟು ವಿವರ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಅಣ್ಣಾ. ಇವತ್ತು ಎರಡೂ ಕಾಲು ಹೊರಗೆ ಬಂದವು. ತಳದ ಅಲೆನ್ ಬೋಲ್ಟ್ ನೀವು ಹೇಳಿದ ಹಾಗೆ ಮೊದಲೇ ಸಡಿಲ ಮಾಡಿದ್ದರಿಂದ ಸಲೀಸಾಯಿತು. ಸ್ಪ್ರಿಂಗ್ ತೆಗೆದು ಆಯಿಲ್ ಬಗ್ಗಿಸಿದೆ. ಬಲಗಡೆಯದು ಕಂದು ಬಣ್ಣ, ಎಡಗಡೆಯದು ಬೂದು ಬಣ್ಣ, ಬೆಳಕಿಗೆ ಹಿಡಿದರೆ ಮಿನುಗು ಕಾಣುತ್ತದೆ. ಅಳತೆಯಲ್ಲೂ ಎಡಗಡೆ ತುಂಬಾ ಕಡಿಮೆ. ಇನ್ನು ಎಡಗಡೆ ಪೈಪ್: ಸೀಲ್ ಓಡಾಡುವ ಜಾಗದಲ್ಲೇ, ಮುಂಭಾಗಕ್ಕೆ, ಸಾಸಿವೆ ಗಾತ್ರದ ಗುಂಡಿಗಳು ಒಂದು ಗುಂಪಾಗಿವೆ. ಉಗುರು ಚೆನ್ನಾಗಿಯೇ ತಡೆಯುತ್ತದೆ. ಸೀಲ್ ತೆಗೆದು ನೋಡಿದರೆ ತುಟಿಯ ಮೇಲೆ ನೇರ ಗೀರುಗಳು, ಗುಂಡಿ ಇರುವ ಕಡೆಗೇ ಸರಿಯಾಗಿ.

ಭೋಸರಿ ಲೇತ್:

ಮಿನುಗು ಅಂದರೆ ಅಲ್ಯೂಮಿನಿಯಂ ಅಥವಾ ಬುಷ್ (ಪೈಪ್ ಜಾರುವ ಲೋಹದ ಬಳೆ) ಸವೆದ ಪುಡಿ. ಪೈಪನ್ನು ಬಾಟಮ್ (ಶಾಕಪ್ಪಿನ ಕೆಳಗಿನ ದಪ್ಪ ಕೊಳವೆ) ಒಳಗೆ ಹಾಕಿ ಅಲ್ಲಾಡಿಸಿ, ಬಲಗಡೆಯದಕ್ಕೆ ಹೋಲಿಸಿ ನೋಡಿ. ಅತ್ತಿತ್ತ ಆಟ ಜಾಸ್ತಿ ಇದ್ದರೆ ಹೊಸ ಸೀಲೂ ನಿಲ್ಲಲ್ಲ, ಪೈಪ್ ಒಂದು ಕಡೆ ಒರಗುತ್ತದೆ. ಇನ್ನೊಂದು, ಪೈಪ್ ಬಗ್ಗಿದೆಯಾ ಅಂತ ನೋಡಲೇಬೇಕು. ವಿ-ಬ್ಲಾಕ್ (ವಿ ಆಕಾರದ ಕಚ್ಚಿನ ಆಸರೆ) ಮೇಲೆ ಇಟ್ಟು ಡಯಲ್ ಗೇಜ್ (ಮುಳ್ಳಿನ ಅಳತೆ ಮೀಟರ್) ಹಚ್ಚಿ ತಿರುಗಿಸಬೇಕು. ಬಹಳಷ್ಟು ಗಾಡಿಗೆ 0.2 ಮಿಮೀ ಮಿತಿ ಕೊಟ್ಟಿರುತ್ತಾರೆ. ಮನೆಯಲ್ಲಿ ಗೇಜ್ ಇಲ್ಲದಿದ್ದರೆ ದಪ್ಪ ಗಾಜಿನ ಮೇಲೆ ಉರುಳಿಸಿ, ಕೆಳಗಿನಿಂದ ಬೆಳಕು ಇಣುಕುತ್ತದಾ ನೋಡಿ. ದೊಡ್ಡ ಬಾಗು ಇದ್ದರೆ ಗೊತ್ತಾಗುತ್ತದೆ.

ಗುಂಡಿ ಅಷ್ಟು ಇದ್ದರೆ ಹಾರ್ಡ್ ಕ್ರೋಮ್ ಮಾಡಿಸಿ. ಬಂಪರ್, ಸೈಲೆನ್ಸರ್ ಹೊಳಪಿಗೆ ಹಾಕುವ ಕ್ರೋಮ್ ಬೇರೆ, ಅದು ತೆಳು, ಅಲಂಕಾರಕ್ಕೆ. ಇದಕ್ಕೆ ಹಳೇ ಕ್ರೋಮ್ ತೆಗೆದು, ಗುಂಡಿ ಹೋಗುವವರೆಗೆ ಗ್ರೈಂಡ್ ಮಾಡಿ, ದಪ್ಪಗೆ ಕ್ರೋಮ್ ಏರಿಸಿ, ಮತ್ತೆ ಗ್ರೈಂಡ್ ಮಾಡಿ ಮೂಲ ಅಳತೆಗೆ ತರಬೇಕು. ಕೆಲಸ ಕೊಡುವಾಗ ಸರಿ ಇರುವ ಬಲಗಡೆ ಪೈಪನ್ನೂ ಜೊತೆಗೆ ಒಯ್ಯಿರಿ, ತುಕ್ಕು ಇಲ್ಲದ ಜಾಗದಲ್ಲಿ ಮೈಕ್ರೋಮೀಟರ್ ಹಚ್ಚಿ ಅಳತೆ ಬರೆಸಿ. ಬರೀ ಬಾಯಲ್ಲಿ 37 ಅಂತ ಹೇಳಿ ಬಿಟ್ಟು ಬರಬೇಡಿ. ಹೈಡ್ರಾಲಿಕ್ ರಾಡ್ ಮಾಡುವ ಅಂಗಡಿಯಲ್ಲಿ ಕೇಳಿ, ಅವರಿಗೆ ಇದು ಹೊಸದಲ್ಲ.

ಮಾಟುಂಗಾ 350:

ಇಷ್ಟೆಲ್ಲ ಯಾಕೆ ಅಂತ ನನ್ನ ಅಭಿಪ್ರಾಯ. ಗಾಳಿಯೇ ಬೇಡ. ವಾಲ್ವ್ ಖಾಲಿ ಬಿಟ್ಟು, ಸ್ಪ್ರಿಂಗ್ ಮೇಲೆ ಒಂದು ಪಿವಿಸಿ ಪೈಪಿನ ತುಂಡು ಇಟ್ಟು ಎತ್ತರ ಮಾಡಿದರೆ ಮುಗಿಯಿತು. ನಮ್ಮ ಮುಂಬೈ ಮಳೆಗಾಲದ ರಸ್ತೆ ಗುಂಡಿಗಳಲ್ಲಿ ಗಾಳಿ ಶಾಕಪ್ ಉಳಿಸಿಕೊಳ್ಳೋದು ದೊಡ್ಡ ತಲೆನೋವು.

ಹಳೇ ಗಾಡಿ ಡೊಂಬಿವಲಿ:

ಅರ್ಧ ಒಪ್ಪುತ್ತೇನೆ. ಸೊನ್ನೆ ಗಾಳಿಯಲ್ಲಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರೇ ಓಡಿಸುವಾಗ ತೊಂದರೆಯೂ ಇಲ್ಲ. ಆದರೆ ತುಂಡು ಇಟ್ಟರೆ ಸ್ಪ್ರಿಂಗ್ ಗಟ್ಟಿ ಆಗಲ್ಲ. ಮುಂಭಾಗ ಸ್ವಲ್ಪ ಎತ್ತರ ನಿಲ್ಲುತ್ತದೆ ಅಷ್ಟೇ, ಪ್ರತಿ ಇಂಚು ಕುಗ್ಗಿಸಲು ಬೇಕಾದ ಬಲ ಅದೇ ಇರುತ್ತದೆ. ಗಾಳಿ ಎರಡೂ ಕೆಲಸ ಮಾಡುತ್ತದೆ, ಎತ್ತರವನ್ನೂ ಹಿಡಿಯುತ್ತದೆ, ಕುಗ್ಗುತ್ತಾ ಹೋದ ಹಾಗೆ ಬಿಗಿಯನ್ನೂ ಕೊಡುತ್ತದೆ. ಗಾಳಿ ಬಿಡಬೇಕು ಅಂದರೆ ಬಿಗಿ ಸ್ಪ್ರಿಂಗೇ ತರಿಸಬೇಕು. ಇನ್ನು ಗುಂಡಿ ಬಿದ್ದ ಪೈಪ್ ಗಾಳಿ ಇಲ್ಲದಿದ್ದರೂ ಸೀಲ್ ಕೊಯ್ಯುತ್ತದೆ. ಹಾಗಾಗಿ ಪೈಪಿನ ಖರ್ಚು ಹೇಗೂ ತಪ್ಪಲ್ಲ.

ನಲವತ್ತು ವರ್ಷ ದಾಟಿದ ಗಾಡಿ. ಅದನ್ನು ಮಾಡಿದವರು ಯೋಚನೆ ಮಾಡಿ ಕೊಟ್ಟ ವ್ಯವಸ್ಥೆ ಅದು ಇದ್ದ ಹಾಗೆ ಕೆಲಸ ಮಾಡಲಿ ಅನ್ನೋದು ನನ್ನ ಆಸೆ.

ಮಾಟುಂಗಾ 350:

ತುಂಡಿನ ವಿಷಯ ಒಪ್ಪಿದೆ. ಹಾಗಾದರೆ ಸೀಲ್ ಎಲ್ಲಿಂದ ತರೋದು? ಕುರ್ಲಾದಲ್ಲಿ ಒಂದು ಅಂಗಡಿಯವರು ಅಳತೆಗೆ ಸರಿಯಾಗುವ ಮೆಷಿನ್ ಸೀಲ್ ಕೊಡ್ತೇನೆ ಅಂತಾರೆ.

ಭೋಸರಿ ಲೇತ್:

ಬೇಡ ರೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸೀಲ್ ತಿರುಗುವ ಶಾಫ್ಟಿಗೆ ಮಾಡಿದ್ದು. ಗೇರ್‌ಬಾಕ್ಸ್, ಮೋಟಾರ್, ಪಂಪ್ ಅಂಥದ್ದಕ್ಕೆ. ಶಾಕಪ್ ಪೈಪ್ ತಿರುಗಲ್ಲ, ಮೇಲೆ ಕೆಳಗೆ ಹೋಗುತ್ತದೆ. ಜೊತೆಗೆ ಒಳಗಿನಿಂದ ಗಾಳಿ ಒತ್ತಡ ಬೇರೆ. ತುಟಿಯ ಆಕಾರವೇ ಬೇರೆ ಇರಬೇಕು. ಸೀಲಿನ ಮೇಲೆ ಮೂರು ಅಂಕೆ ಇರುತ್ತವೆ: ಒಳಗಿನ ಅಳತೆ, ಹೊರಗಿನ ಅಳತೆ, ಎತ್ತರ. ಮೂರೂ ಬರೆದುಕೊಂಡು ಶಾಕಪ್ ಸೀಲ್ ಅಂತಲೇ ಕೇಳಿ. ಪುಣೆಯವರು ನಾನಾ ಪೇಠ್‌ನಲ್ಲಿ ವಿಚಾರಿಸಿ ನೋಡಬಹುದು, ಬೇರೆ ಕಂಪನಿ ಗಾಡಿಯ ಸೀಲ್ ಅದೇ ಅಳತೆಗೆ ಬರುವುದುಂಟು.

ಕೊಥ್ರೂಡ್ ಸವಾರ:

ಪೈಪ್ ಎರಡೂ ಕ್ರೋಮ್ ಆಗಿ ಬಂದವು. ಕೈಯಲ್ಲಿ ಸವರಿದರೆ ಗಾಜು ಮುಟ್ಟಿದ ಹಾಗಿದೆ. ಸೀಲೂ ಸಿಕ್ಕಿತು. ಈಗ ಜೋಡಿಸುವ ವಿಷಯ ಹೇಳಿ.

ಹಳೇ ಗಾಡಿ ಡೊಂಬಿವಲಿ:

ಪೈಪ್, ಡ್ಯಾಂಪರ್ ರಾಡ್, ಬಾಟಮ್ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗ್ರೈಂಡಿಂಗ್ ಪುಡಿ ಪೈಪಿನ ಒಳಗೆ ಉಳಿದಿರಬಹುದು, ಬಟ್ಟೆ ಕಟ್ಟಿದ ಕೋಲು ಹಾಕಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ಒರೆಸಿ. ರಾಡಿನ ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ, ಮರೆಗೆ ಲಾಕ್ ಮಾಡುವ ಅಂಟು ಒಂದು ಹನಿ. ಹಳೇ ವಾಷರ್ ಹಾಕಿದರೆ ಅಲ್ಲಿಂದ ಜಿನುಗುತ್ತದೆ, ಜನ ಅದನ್ನೂ ಸೀಲ್ ಸೋರಿಕೆ ಅಂದುಕೊಳ್ಳುತ್ತಾರೆ.

ಸೀಲ್ ಕೂರಿಸುವಾಗ ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಹೊದಿಸಿ ಆಯಿಲ್ ಸವರಿ, ಅದರ ಮೇಲಿನಿಂದ ಸೀಲ್ ಇಳಿಸಿ. ಇಲ್ಲದಿದ್ದರೆ ತುದಿಯ ಚೂಪು ಅಂಚು ಹೊಸ ತುಟಿಯನ್ನು ಅಲ್ಲೇ ಹರಿಯುತ್ತದೆ. ಸೀಲಿನಲ್ಲಿ ಸಣ್ಣ ಸುರುಳಿ ಸ್ಪ್ರಿಂಗ್ ಕಾಣುವ ಮುಖ ಕೆಳಗೆ, ಆಯಿಲ್ ಕಡೆಗೆ. ಪೈಪಿನ ಮೇಲೆ ಜಾರುವಂಥ ಪಿವಿಸಿ ಪೈಪಿನಿಂದ ಸುತ್ತಲೂ ಸಮವಾಗಿ ತಟ್ಟಿ, ಸರ್ಕ್ಲಿಪ್ (ಸೀಲ್ ಹಿಡಿದಿಡುವ ತಂತಿ ಬಳೆ) ಕೂರುವ ತೋಡು ಪೂರ್ತಿ ಕಾಣುವವರೆಗೆ.

ಆಯಿಲ್ ವಿಷಯದಲ್ಲಿ ಅವಸರ ಬೇಡ. ಮಿಲಿಲೀಟರ್ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಮೇಲು. ಸ್ಪ್ರಿಂಗ್ ಹಾಕದೆ, ಪೈಪನ್ನು ಪೂರ್ತಿ ಕೆಳಗೆ ಕುಗ್ಗಿಸಿ, ನೆಟ್ಟಗೆ ನಿಲ್ಲಿಸಿ, ಆಯಿಲ್ ಹಾಕಿ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಒಳಗಿನ ಗುಳ್ಳೆ ಬಿಡಿಸಿ. ಸ್ವಲ್ಪ ಹೊತ್ತು ಬಿಟ್ಟು ಪೈಪಿನ ತುದಿಯಿಂದ ಆಯಿಲ್ ಮಟ್ಟದವರೆಗೆ ಅಳೆಯಿರಿ. ಸಿರಿಂಜಿಗೆ ತೆಳು ನಳಿಕೆ ಸಿಕ್ಕಿಸಿ, ನಳಿಕೆಯನ್ನು ಕೈಪಿಡಿಯ ಅಳತೆಯಷ್ಟು ಒಳಗೆ ಬಿಟ್ಟು, ಹೆಚ್ಚಾದದ್ದನ್ನು ಎಳೆದುಬಿಡಿ. ಎರಡೂ ಕಾಲು ಕರಾರುವಾಕ್ಕಾಗಿ ಒಂದೇ ಮಟ್ಟ ಇರಬೇಕು. ಆಯಿಲ್ ಜಾಸ್ತಿ ಆದರೆ ಗಾಳಿಗೆ ಜಾಗ ಕಡಿಮೆ, ಒತ್ತಡ ಬೇಗ ಏರುತ್ತದೆ. ಗಾಳಿ ಶಾಕಪ್ಪಿನಲ್ಲಿ ಆಯಿಲ್ ಮಟ್ಟವೂ ಸ್ಪ್ರಿಂಗಿನ ಒಂದು ಭಾಗ ಅಂತ ತಿಳಿದುಕೊಳ್ಳಿ.

ಕ್ಯಾಪಿನ ಓ-ರಿಂಗ್ (ದುಂಡು ರಬ್ಬರ್ ಬಳೆ) ಹೊಸದು ಹಾಕಿ. ಗಾಳಿ ಇಳಿಯುವುದು ಎಷ್ಟೋ ಸಲ ಸೀಲಿನಿಂದ ಅಲ್ಲ, ಇಲ್ಲಿಂದ. ವಾಲ್ವಿನ ಒಳಗಿನ ಪಿನ್ನೂ ಬದಲಾಯಿಸಿ, ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ.

ಚಕ್ರ ಹಾಕಿ ಆಕ್ಸಲ್ ನಟ್ ಬಿಗಿ ಮಾಡಿ. ಕಾಲಿನ ತಳದಲ್ಲಿ ಆಕ್ಸಲ್ ಹಿಡಿಯುವ ಕ್ಲಾಂಪ್ ಪೂರ್ತಿ ಬಿಗಿಯುವ ಮುಂಚೆ ಗಾಡಿ ನೆಲಕ್ಕೆ ಇಳಿಸಿ, ಮುಂಭಾಗವನ್ನು ಕೆಲವು ಸಲ ಜೋರಾಗಿ ಅದುಮಿ. ಎರಡು ಕಾಲೂ ತಮ್ಮ ಜಾಗಕ್ಕೆ ಸೇರಿಕೊಳ್ಳುತ್ತವೆ, ಆಮೇಲೆ ಬಿಗಿಯಿರಿ. ಹೊರಡುವ ಮುಂಚೆ ಬ್ರೇಕ್ ಲಿವರ್ ಒತ್ತಿ ಒತ್ತಿ ಗಟ್ಟಿ ಆಗುವವರೆಗೆ ನೋಡಿ.

ಗಾಳಿ ಹಾಕೋದು ಮುಂದಿನ ಚಕ್ರ ನೆಲ ಬಿಟ್ಟಿರುವಾಗ, ಗಾಡಿ ತಣ್ಣಗಿರುವಾಗ. ಸೈಕಲ್ಲಿನ ಕೈಪಂಪು ಸಾಕು, ಸಣ್ಣ ಸಣ್ಣ ತಳ್ಳು. ಉದ್ದ ಹೋಸಿನ ಮೀಟರ್ ಹಚ್ಚಿದರೆ ಹೋಸ್ ತುಂಬಲಿಕ್ಕೇ ಒಂದಷ್ಟು ಗಾಳಿ ಹೋಗುತ್ತದೆ, ಅದಕ್ಕೆ ಸಣ್ಣ ಪೆನ್ ಥರದ ಮೀಟರ್ ಇಟ್ಟುಕೊಳ್ಳಿ. ಎರಡು ವಾಲ್ವಿಗೂ ಟಿ ಆಕಾರದ ಹೋಸ್ ಸಿಕ್ಕಿಸಿ ಒಟ್ಟಿಗೇ ತುಂಬಿದರೆ ಎಡ ಬಲ ಸಮ ಆಗುತ್ತದೆ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇದ್ದರೆ ಶಾಕಪ್ ತಿರುಚಿಕೊಂಡು ಓಡುತ್ತದೆ. ಕೊನೆಗೆ ವಾಲ್ವ್, ಕ್ಯಾಪ್, ಸೀಲ್ ಮೂರರ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ.

ವಾಸ್ಕೋ ಸವಾರ:

ಒಂದು ಅನುಮಾನ. ಕೆಳಗೆ ಸಮುದ್ರಮಟ್ಟದಲ್ಲಿ ತುಂಬಿದ ಗಾಳಿ ಘಾಟ್ ಮೇಲೆ ಹೋದಾಗ ಬದಲಾಗುತ್ತದಾ? ನಾನು ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗ್ತಾ ಇರ್ತೇನೆ.

ಭೋಸರಿ ಲೇತ್:

ಬದಲಾಗುತ್ತದೆ, ಆದರೆ ಸ್ವಲ್ಪ. ಮಹಾಬಲೇಶ್ವರ 1,350 ಮೀಟರ್ ಆಸುಪಾಸು ಎತ್ತರ, ಅಲ್ಲಿ ಹೊರಗಿನ ಒತ್ತಡ ಶೇಕಡಾ 15ರಷ್ಟು ಕಡಿಮೆ. ಅಂದರೆ ಮೀಟರಿನಲ್ಲಿ ಒಂದು ಇದ್ದದ್ದು 1.15 ತೋರಿಸುತ್ತದೆ. ಬೆಳಗಾವಿ ಅದಕ್ಕಿಂತ ತುಂಬಾ ತಗ್ಗು. ಬಿಸಿಲಿಗೂ ಒಂಚೂರು ಏರುತ್ತದೆ. ಅದಕ್ಕೆ ಗಾಳಿ ಬಿಡೋದು ತುಂಬೋದು ಬೇಡ. ಎರಡೂ ಕಾಲಿಗೆ ಒಂದೇ ಥರ ಏರುತ್ತದೆ.

ಕೊಥ್ರೂಡ್ ಸವಾರ:

ಓಡಿಸಿಕೊಂಡು ಬಂದೆ. ಹಳೇ ಹೈವೇ ಮೇಲೆ ಲೋಣಾವಳದವರೆಗೆ. ಎಕ್ಸ್‌ಪ್ರೆಸ್‌ವೇ ಮೇಲೆ ನಮ್ಮನ್ನು ಬಿಡಲ್ಲ, ಅದೇ ಒಳ್ಳೆಯದಾಯಿತು, ತಿರುವುಗಳೆಲ್ಲ ಸಿಕ್ಕವು. ಬ್ರೇಕ್ ಹಿಡಿದಾಗ ಮೂತಿ ಮೊದಲಿನ ಹಾಗೆ ದಬಕ್ಕನೆ ಬೀಳುವುದಿಲ್ಲ. ಎರಡೂ ಪೈಪ್ ಒರೆಸಿದ ಟಿಶ್ಯೂ ಒಣಗಿಯೇ ಇತ್ತು. ಸದ್ಯ 0.8 ಕೆಜಿ ಗಾಳಿ ಹಾಕಿದ್ದೇನೆ. ಹಿಂದೆ ಹೆಂಡತಿ ಕೂತಾಗ ಏನು ಮಾಡಲಿ?

ಹಳೇ ಗಾಡಿ ಡೊಂಬಿವಲಿ:

ಹಿಂದೆ ಕೂತವರ ಭಾರ ಬಹುಪಾಲು ಹಿಂದಿನ ಶಾಕಪ್ಪಿಗೇ ಬೀಳುತ್ತದೆ, ಅದರ ಸ್ಪ್ರಿಂಗ್ ಒಂದು ಹಂತ ಬಿಗಿ ಮಾಡಿ. ಮುಂದೆ ಬ್ರೇಕಿನಲ್ಲಿ ಜಾಸ್ತಿ ಕುಗ್ಗಿದರೆ 0.1 ಏರಿಸಿ ನೋಡಿ, ಕೈಪಿಡಿಯ ಮಿತಿ ದಾಟಬೇಡಿ. ಪ್ಲಾಸ್ಟಿಕ್ ಟೈ ಈಗ ಕಟ್ಟಿಬಿಡಿ, ಅದೇ ಹೇಳುತ್ತದೆ.

ವಾಸ್ಕೋ ಸವಾರ:

ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವಾಗ ಗಾಳಿ ಇರಬೇಕಾ, ಬಿಡಬೇಕಾ?

ಹಳೇ ಗಾಡಿ ಡೊಂಬಿವಲಿ:

ಬಿಟ್ಟುಬಿಡಿ ವಾಸ್ಕೋ ಅವರೇ. ಸೀಲಿನ ಮೇಲೆ ತಿಂಗಳುಗಟ್ಟಲೆ ಸುಮ್ನೆ ಒತ್ತಡ ಯಾಕೆ? ಮೇನ್ ಸ್ಟ್ಯಾಂಡ್ ಹಾಕಿ, ಹೆಡ್‌ಲೈಟ್ ಕಿವಿ ಬಿಚ್ಚಿ ಒಳಗಿನ ಪೈಪ್ ಒರೆಸಿ, ಪೈಪಿಗೆಲ್ಲ ತೆಳುವಾಗಿ ಆಯಿಲ್ ಸವರಿ ಮುಚ್ಚಿ. ಪೈಪಿಗೆ ಹೊದಿಸುವ ರಬ್ಬರ್ ಗೇಟರ್ ಇದ್ದರೆ ಅದನ್ನೂ ಮೇಲೆ ಸರಿಸಿಡಿ, ಒಳಗೆ ತೇವ ನಿಲ್ಲುತ್ತದೆ. ದಸರಾ ಹೊತ್ತಿಗೆ ತೆಗೆಯುವಾಗ ಮೊದಲು ಪೈಪ್ ಒರೆಸಿ, ಆಮೇಲೆ ಗಾಳಿ ಹಾಕಿ.